ಅರ್ಧ ಕೊಳಲು

ನಮ್ಮ ಮನೆಯ ಹಾಲಿನಲ್ಲಿ, ಕ್ಯಾಲೆಂಡರ್ ಪಕ್ಕದ ಮೊಳೆಗೆ, ಹದಿಮೂರು ಕೊಳವೆಗಳ ವಾದ್ಯವೊಂದು ತುಂಬಾ ವರ್ಷ ಜೋತಾಡುತ್ತಿತ್ತು. ಆಫೀಸಿನ ಕೆಲಸಕ್ಕೆಂದು ಜರ್ಮನಿಯ ಕಲೋನಿಗೆ ಹೋಗಿದ್ದಾಗ, ಅಲ್ಲಿನ ದೊಡ್ಡ ಚರ್ಚಿನ ಮುಂದಿನ ಬಯಲಿನಲ್ಲಿ ಕೊಂಡದ್ದು. ಕೆಂಪು ಪಟ್ಟೆಯ ಪೋಂಚೊ ಹೊದ್ದ ಒಬ್ಬ ಆಸಾಮಿ, ಪಕ್ಕದಲ್ಲಿ ಸೂಟ್‌ಕೇಸಿನಷ್ಟು ದೊಡ್ಡ ಸ್ಪೀಕರು. ಗಿಟಾರು, ಡ್ರಮ್ಮು ಎಲ್ಲ ಸ್ಪೀಕರಿನೊಳಗೆ ಮೊದಲೇ ತುಂಬಿಸಿಟ್ಟದ್ದು. ಅದರ ಮೇಲೆ ಆತ ಒಬ್ಬನೇ ಊದುತ್ತಿದ್ದ. ಹಾಡು ಯಾವುದು ಅಂತ ಹೇಳಬೇಕಾಗಿಲ್ಲ. ಪೋಂಚೊ ಹೊದ್ದವರು ಜಗತ್ತಿನ ಯಾವ ರೈಲು ನಿಲ್ದಾಣದೆದುರು ನಿಂತರೂ ಊದುವುದು 'ಎಲ್ ಕೊಂಡೊರ್ ಪಾಸಾ'ವನ್ನೇ, ಹಾರಿಹೋಗುವ ರಣಹದ್ದಿನ ಹಾಡನ್ನು. ಇಪ್ಪತ್ತೈದು ಯೂರೋ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡುತ್ತ ಹೋಟೆಲಿಗೆ ಬಂದೆ.

ಎಂಟು ವರ್ಷ ಕರ್ನಾಟಕ ಸಂಗೀತ ಕಲಿತ ಅಹಂಕಾರ ನನ್ನದು. ವಾರದೊಳಗೆ ಅದರಲ್ಲಿ ಮೋಹನ ರಾಗದ ನೆರಳಾದರೂ ಬಂತು. ಆದರೆ ಒಂದು ವಿಷಯಕ್ಕೆ ಪ್ರತಿಸಲವೂ ಸಿಟ್ಟು ಬರುತ್ತಿತ್ತು. ಕೊಳವೆಗಳು ಎರಡು ಸಾಲಿನಲ್ಲಿದ್ದವು, ಒಂದರಲ್ಲಿ ಏಳು, ಇನ್ನೊಂದರಲ್ಲಿ ಆರು. ಸ್ವರಗಳು ಒಂದು ಬಿಟ್ಟು ಒಂದು ಈ ಎರಡು ಸಾಲಿಗೆ ಹಂಚಿಹೋಗಿದ್ದವು. ಸ ಈ ಸಾಲಿನಲ್ಲಿದ್ದರೆ ರಿ ಆ ಸಾಲಿನಲ್ಲಿ, ಗ ಮತ್ತೆ ಈ ಸಾಲಿನಲ್ಲಿ. ಒಂದು ಸರಳೆ ಊದಬೇಕಾದರೂ ತುಟಿ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಿರಬೇಕು. ಹಾರ್ಮೋನಿಯಂನ ಕೀಗಳನ್ನು ಒಂದು ಬಿಟ್ಟು ಒಂದು ಕಿತ್ತು ಪಕ್ಕದ ಕೋಣೆಯಲ್ಲಿಟ್ಟ ಹಾಗೆ! ಯಾವ ಪುಣ್ಯಾತ್ಮ ಇಂಥ ವಿನ್ಯಾಸ ಮಾಡಿದ ಅಂತ ಬೈದುಕೊಂಡು ಕೊನೆಗೆ ಮೊಳೆಗೆ ತೂಗುಹಾಕಿದೆ. ಬಂದ ನೆಂಟರ ಮಕ್ಕಳೆಲ್ಲ ಒಮ್ಮೊಮ್ಮೆ ಊದಿ, ತಲೆ ಸುತ್ತಿ ಕೆಳಗಿಡುತ್ತಿದ್ದರು.

ಅದು ಪೆದ್ದು ವಿನ್ಯಾಸ ಅಂತಲೇ ವರ್ಷಗಟ್ಟಲೆ ನಂಬಿದ್ದೆ. ಬೈಗುಳ ತಪ್ಪು ವಿಳಾಸಕ್ಕೆ ಹೋಗಿದೆ ಅಂತ ಗೊತ್ತಾದದ್ದು 2019ರ ಫೆಬ್ರವರಿಯಲ್ಲಿ, ಪೆರುವಿನ ಪುನೊ ಪಟ್ಟಣದ ಸಂತೆಯಲ್ಲಿ.

ಜೊತೆಗಾರ ಎಲ್ಲಿ?

ನಮ್ಮ ಕಂಪನಿಯ ಲಿಮಾ ಆಫೀಸಿನಲ್ಲಿ ಪುನೊ ಮೂಲದ ಗೆಳೆಯನೊಬ್ಬನಿದ್ದಾನೆ. ಫೆಬ್ರವರಿ 2ಕ್ಕೆ ಕಾಂದೆಲಾರಿಯಾ ಮಾತೆಯ ಹಬ್ಬ, ಊರಿಗೆ ಹೋಗುತ್ತಿದ್ದೇನೆ, ಬಾ ಅಂದ. ಟಿಟಿಕಾಕಾ ಸರೋವರದ ದಂಡೆಯ ಊರು, ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರ. ಮೊದಲ ದಿನವೆಲ್ಲ ತಲೆಯೊಳಗೆ ಯಾರೋ ಅಕ್ಕಿ ರುಬ್ಬುತ್ತಿದ್ದ ಹಾಗಿತ್ತು; ಕೋಕಾ ಎಲೆಯ ಕಷಾಯ ಕುಡಿದು ಬಿದ್ದುಕೊಂಡಿದ್ದೆ. ಎರಡನೆಯ ದಿನ ಸಂತೆಯಲ್ಲಿ ಮೂರು ಮೂರು ಲಂಗ ಒಂದರ ಮೇಲೊಂದು ಉಟ್ಟ ಅಜ್ಜಿಯ ಮುಂದೆ ಕೊಳವೆಗಳ ರಾಶಿ ಕಂಡಿತು. ನನ್ನ ಮನೆಯಲ್ಲಿರುವಂಥದ್ದೇ ಇನ್ನೊಂದು, ಸ್ವಲ್ಪ ಒಳ್ಳೆಯದು ಬೇಕು ಅಂತ ಕೈಸನ್ನೆ ಮಾಡಿದೆ. ಆಕೆ ಏಳು ಕೊಳವೆಗಳ ಒಂದೇ ಸಾಲನ್ನು ಕೊಟ್ಟಳು. ಇನ್ನೊಂದು ಸಾಲು? ಅಂದೆ. ಅಜ್ಜಿ ನನ್ನ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಗೆಳೆಯನಿಗೆ ಏನೋ ಕೇಳಿದಳು. ಅವನು ನಕ್ಕು ನನ್ನತ್ತ ತಿರುಗಿದ: "ನಿನ್ನ ಜೊತೆಗಾರ ಎಲ್ಲಿ ಅಂತ ಕೇಳುತ್ತಿದ್ದಾಳೆ."

ಆಂಡೀಸ್ ಬೆಟ್ಟಗಳ ಮೂಲನಿವಾಸಿಗಳಾದ ಐಮಾರಾ ಜನ ಈ ವಾದ್ಯವನ್ನು ಸಿಕು ಅನ್ನುತ್ತಾರೆ, ಅಲ್ಲಿನದೇ ಇನ್ನೊಂದು ಭಾಷೆ ಕೆಚುವಾದಲ್ಲಿ ಇದರ ಹೆಸರು 'ಅಂತಾರಾ', ಸ್ಪ್ಯಾನಿಷ್‌ನಲ್ಲಿ ಸಂಪೋಞಾ. ಹೆಸರು ಎಷ್ಟೇ ಇರಲಿ, ಸಿಕು ಅನ್ನುವುದು ಒಬ್ಬನ ವಾದ್ಯವೇ ಅಲ್ಲ. ಆರು ಕೊಳವೆಯ ಸಾಲಿಗೆ ಇರಾ ಅಂತ ಹೆಸರು, ಮುಂದೆ ನಡೆಯುವುದು ಅದು. ಏಳರದ್ದು ಅರ್ಕಾ, ಹಿಂಬಾಲಿಸುವುದು. ಇರಾ ಒಬ್ಬನ ಕೈಯಲ್ಲಿ, ಅರ್ಕಾ ಇನ್ನೊಬ್ಬನ ಕೈಯಲ್ಲಿ. ಹಾಡಿನ ಸ್ವರಗಳು ಇಬ್ಬರ ಬಾಯಿಂದ ಸರತಿಯ ಮೇಲೆ ಹೊರಟು ನಡುಗಾಳಿಯಲ್ಲಿ ಕೂಡಿಕೊಳ್ಳಬೇಕು. ಸ ಗ ಪ ನಿ ನಿಮ್ಮ ಬಳಿ ಇದ್ದರೆ ರಿ ಮ ದ ಎದುರಿನವನ ಬಳಿ. ಸ್ವರ ಏಳೇ ಇರುವುದರಿಂದ ಇದರಲ್ಲೊಂದು ಮಜಾ ಇದೆ: ಮೇಲಿನ ಸ್ಥಾಯಿಗೆ ಹೋದ ಕೂಡಲೇ ಲೆಕ್ಕ ಅದಲುಬದಲಾಗುತ್ತದೆ, ಮೇಲಿನ ಸ ಅವನದು, ಮೇಲಿನ ರಿ ನಿಮ್ಮದು. ಯಾರಿಗೂ ಯಾವ ಸ್ವರವೂ ಖಾಯಂ ಜಹಗೀರಲ್ಲ. ಕಲೋನಿನಲ್ಲಿ ನಾನು ಕೊಂಡದ್ದು ಈ ಇಬ್ಬರನ್ನೂ ಒಂದೇ ದಾರದಲ್ಲಿ ಬಿಗಿದು ಒಬ್ಬನೇ ಊದಲು ಮಾಡಿದ ವಾದ್ಯ. ಒಬ್ಬಂಟಿ ಸಂಪಾದನೆಗೆ ಅದೇ ಅನುಕೂಲ; ಚರ್ಚಿನ ಮುಂದೆ ಟೋಪಿಗೆ ಬಿದ್ದ ಚಿಲ್ಲರೆಯನ್ನು ಇಬ್ಬರಿಗೆ ಪಾಲು ಮಾಡಬೇಕಾಗಿಲ್ಲ.

ಇದಕ್ಕೆ ನಾನೊಂದು ಎಂಜಿನಿಯರನ ಕಾರಣ ಹುಡುಕಿಕೊಂಡೆ. ಇಷ್ಟು ಎತ್ತರದಲ್ಲಿ ಗಾಳಿ ತೆಳು. ಒಂದು ಸ್ವರ ಊದಿದವನಿಗೆ ಮುಂದಿನ ಸ್ವರದ ಹೊತ್ತಿಗೆ ಉಸಿರು ಎಳೆದುಕೊಳ್ಳಲು ಬಿಡುವು ಸಿಗುತ್ತದೆ, ಅದಕ್ಕೇ ಹಂಚಿಕೊಂಡಿದ್ದಾರೆ. ಎಷ್ಟು ಚೆಂದದ ವಿವರಣೆ! ಆದರೆ ನಿಲ್ಲುವುದಿಲ್ಲ. ಪೆರುವಿನ ಉತ್ತರ ಕರಾವಳಿಯಲ್ಲಿ ಸಾವಿರ ವರ್ಷಕ್ಕೂ ಹಿಂದೆ ಬಾಳಿದ ಮೊಚೆ ಜನರ ಮಡಕೆಗಳ ಮೇಲೆ ಇಂಥ ಕೊಳವೆ ಹಿಡಿದ ಇಬ್ಬಿಬ್ಬರು ವಾದಕರ ಚಿತ್ರಗಳಿವೆ, ಎದುರುಬದುರಾಗಿ ನಿಂತವರು, ಇಬ್ಬರ ವಾದ್ಯಗಳ ನಡುವೆ ಒಂದು ದಾರ. ಸಮುದ್ರದಂಡೆಯಲ್ಲಿ ಆಮ್ಲಜನಕಕ್ಕೇನು ಬರ? ಇಬ್ಬರು ಬೇಕು ಅನ್ನುವುದು ಅವರ ಆಯ್ಕೆಯೇ ಇರಬೇಕು. 'ಜಕ್ತಾಸಿಞಾ ಇರಂಪಿ ಅರ್ಕಂಪಿ' ಎಂಬ ಐಮಾರಾ ಮಾತೊಂದಿದೆ: ಇರಾದೊಡನೆ ಅರ್ಕಾದೊಡನೆ ಹೊಂದಿಕೊಂಡು ಹೋಗುವುದು. ನಮ್ಮಲ್ಲಿ ಗಂಡಹೆಂಡಿರಿಗೆ ಹೇಳುವ ಬುದ್ಧಿಮಾತಿನ ಹಾಗಿದೆ.

ಬೆನ್ನು ಮಾಡಿ ನಿಂತವರು

ಗೆಳೆಯ ತನ್ನ ಕೇರಿಯ ತಂಡದ ತಾಲೀಮಿಗೆ ಕರೆದುಕೊಂಡು ಹೋದ. ರಾತ್ರಿ ಎಂಟು ಗಂಟೆ, ಸರೋವರದ ಕಡೆ ಇಳಿಯುವ ಓರೆ ರಸ್ತೆ, ಸಂಜೆ ಬಿದ್ದ ಆಲಿಕಲ್ಲು ಚರಂಡಿಯ ಅಂಚಿನಲ್ಲಿ ಇನ್ನೂ ಬಿಳಿ ಬಿಳಿ. ಮೂವತ್ತು ಜನ ಇದ್ದರೇನೋ. ಕಾಲೇಜು ಹುಡುಗರು, ಒಬ್ಬ ದರ್ಜಿ, ಡ್ಯೂಟಿ ಮುಗಿಸಿ ಬಿಳಿ ಬೂಟಿನಲ್ಲೇ ಬಂದ ಒಬ್ಬ ನರ್ಸ್. ಸಿಕು ಹಿಂದೆ ಗಂಡಸರದೇ ಆಗಿತ್ತು, ಹೆಂಗಸರು ಹಾಡಬೇಕು, ಕುಣಿಯಬೇಕು. ಪಟ್ಟಣಗಳಲ್ಲಿ ಈಗ ಹೆಣ್ಣುಮಕ್ಕಳದೇ ತಂಡಗಳಿವೆ. ಕೈಗಳಲ್ಲಿ ಬೇರೆಬೇರೆ ಅಳತೆಯ ಜೋಡಿಗಳು. ನಡುಗಾತ್ರದ್ದು ಮಾಲ್ತಾ, ಅದಕ್ಕೊಂದು ಸ್ಥಾಯಿ ಕೆಳಗಿನದು ಸಂಕಾ, ಅದಕ್ಕೂ ಕೆಳಗೆ ಟೊಯೊ. ಟೊಯೊದ ಉದ್ದನೆಯ ಕೊಳವೆ ಒಂದು ಮೀಟರಿಗೂ ಹೆಚ್ಚು. ಊದುವವನು ಅದನ್ನು ಕಿಟಕಿ ಹೊತ್ತ ಹಾಗೆ ಹೊತ್ತಿದ್ದ. ನಗಾರಿ ಒಮ್ಮೆ ಗುಡುಗಿತು. ಎಲ್ಲರೂ ದುಂಡಗೆ ನಿಂತರು, ಮುಖ ಒಳಕ್ಕೆ. ರಸ್ತೆಯ ಬದಿಯಲ್ಲಿ ನೋಡಲು ನಿಂತವರಿಗೆ ಕಾಣಿಸಿದ್ದು ಬರೀ ಬೆನ್ನುಗಳು.

ನನಗೊಂದು ಅರ್ಕಾ ಕೊಟ್ಟು, ಇರಾ ಹಿಡಿದ ಒಬ್ಬ ಹಿರಿಯರ ಮುಂದೆ ನಿಲ್ಲಿಸಿದರು. ಬೇಡ ಬೇಡ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಡು ಕಷ್ಟದ್ದೇನಲ್ಲ, ಮೂರು ಸಾಲು, ಪ್ರತಿ ಸಾಲೂ ಎರಡು ಸಲ, ಮತ್ತೆ ಮೊದಲಿನಿಂದ. ಎರಡು ಸುತ್ತು ಕೇಳುವಷ್ಟರಲ್ಲಿ ಸ್ವರ ಹಾಕಿಬಿಟ್ಟೆ. ಅಲ್ಲೇ ಎಡವಿದ್ದು. ಇಡೀ ಹಾಡು ತಲೆಯಲ್ಲಿ ಓಡುತ್ತಿತ್ತು, ನನ್ನ ಬಾಯಿ ಅವರ ಸ್ವರಕ್ಕೂ ಸಿದ್ಧವಾಗುತ್ತಿತ್ತು. ಅವರು ಊದಬೇಕಾದ ಕಡೆ ನಾನೂ ಊದುತ್ತಿದ್ದೆ, ನನ್ನ ಬಳಿ ಆ ಸ್ವರದ ಕೊಳವೆಯೇ ಇಲ್ಲದೆ ಪಕ್ಕದ್ದು ಕೂಗುತ್ತಿತ್ತು. ಹಾಡನ್ನು ಅರ್ಧ ಮರೆಯುವುದು ಹೇಗೆ ಅಂತ ನನಗೆ ಯಾವ ಗುರುಗಳೂ ಕಲಿಸಿರಲಿಲ್ಲ. ಆ ಹಿರಿಯರ ಕೆಳತುಟಿಯ ಮೇಲೆ ಜೊಂಡಿನ ಕೊಳವೆ ಒತ್ತಿ ಒತ್ತಿ ಒಂದು ಗೆರೆ ಬಿದ್ದಿತ್ತು, ಬೀದಿದೀಪದಲ್ಲಿ ಅದು ಹೊಳೆಯುತ್ತಿತ್ತು. ಅವರು ಪ್ರತಿ ಸ್ವರಕ್ಕೂ ಗದ್ದವನ್ನು ಒಂದಿಷ್ಟು ಮುಂದೆ ತರುತ್ತಿದ್ದರು, ಆಮೇಲೆ ಹಿಂದಕ್ಕೆ. ಎಷ್ಟೋ ಹೊತ್ತಿನ ಮೇಲೆ ನಾನು ಹಾಡನ್ನು ಕೈಬಿಟ್ಟು ಗದ್ದವನ್ನೇ ನೋಡತೊಡಗಿದೆ. ಗದ್ದ ಹಿಂದೆ ಸರಿದರೆ ನನ್ನ ಸರದಿ. ಒಂದು ಸುತ್ತು, ಹೆಚ್ಚೆಂದರೆ ಒಂದೂವರೆ ಸುತ್ತು, ಸರಿಬಂತು. ನನ್ನ ಬಾಯಿಂದ ಹೊರಟದ್ದು ಅಲ್ಲೊಂದು ಇಲ್ಲೊಂದು ತುಣುಕು, ಕಿವಿಗೆ ಬಿದ್ದದ್ದು ಇಡೀ ಹಾಡು. ಅಷ್ಟರಲ್ಲಿ ಉಸಿರು ಕಟ್ಟಿ ಪಕ್ಕದ ಮೆಟ್ಟಿಲ ಮೇಲೆ ಕೂತೆ.

ಒಬ್ಬರೂ ಏನೂ ಅನ್ನಲಿಲ್ಲ. ನಮ್ಮ ಪಾಠದ ಮನೆಯಲ್ಲಾಗಿದ್ದರೆ ಮೊದಲ ಅಪಸ್ವರಕ್ಕೇ ತೊಡೆಗೆ ಬೆತ್ತ ಬೀಳುತ್ತಿತ್ತು. ಹೇಗಿತ್ತು ಅಂತ ಗೆಳೆಯನನ್ನು ಕೇಳಿದೆ. "ಚೆನ್ನಾಗಿತ್ತು, ನಾಳೆ ಇನ್ನೂ ಜೋರಾಗಿ ಊದು" ಅಂದ. ಸುಳ್ಳು ಹೇಳುತ್ತಿದ್ದಾನೆ, ಮರ್ಯಾದೆಗೆ ಅಂದುಕೊಂಡೆ. ಊರಿಗೆ ಬಂದ ಮೇಲೆ ಥಾಮಸ್ ಟುರಿನೊ ಎಂಬ ಅಮೆರಿಕದ ಸಂಗೀತಶಾಸ್ತ್ರಜ್ಞ ಬರೆದದ್ದನ್ನು ಓದಿದೆ. 1980ರ ದಶಕದಲ್ಲಿ ಆತ ಟಿಟಿಕಾಕಾದ ಇನ್ನೊಂದು ದಂಡೆಯ ಕೊನಿಮಾ ಎಂಬ ಐಮಾರಾ ಊರಿನಲ್ಲಿದ್ದವನು. ಸಿಕು ತಂಡಗಳಿಗೆ ಹೆಸರಾದ ಊರು ಅದು, ಅಲ್ಲಿನ 'ಖಂತಾತಿ ಉರುರಿ' ತಂಡ 1928ರಿಂದ ಇದೆ. ಹೆಸರಿನ ಅರ್ಥ ಬೆಳ್ಳಿಚುಕ್ಕಿ. ಅಲ್ಲಿ ತಂಡಕ್ಕೆ ಸೇರಲು ಪರೀಕ್ಷೆ ಇಲ್ಲ. ತಪ್ಪು ಊದಿದವನನ್ನು ಎಲ್ಲರೆದುರು ತಿದ್ದುವ ಪದ್ಧತಿಯೂ ಇಲ್ಲ. ಹಬ್ಬದ ಹಿಂದಿನ ರಾತ್ರಿ ಹೊಸ ಹಾಡು ಕಟ್ಟುವಾಗ ಯಾರೋ ಒಬ್ಬ ಮೆಲ್ಲಗೆ ಒಂದು ಸಾಲು ಊದುತ್ತಾನೆ. ಹಿಡಿಸಿದರೆ ಪಕ್ಕದವನು ಎತ್ತಿಕೊಳ್ಳುತ್ತಾನೆ. ಹಿಡಿಸದಿದ್ದರೆ? ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ, ಸುಮ್ಮನೆ ಮುಂದಕ್ಕೆ ಹೋಗುತ್ತಾರೆ. ಬೆಳಗಾಗುವಷ್ಟರಲ್ಲಿ ಹಾಡು ಇಡೀ ತಂಡದ್ದಾಗಿರುತ್ತದೆ. ಅವರಲ್ಲಿ ದೊಡ್ಡ ದೋಷ ಒಂದೇ, ಒಬ್ಬನ ದನಿ ಗುಂಪಿನಿಂದ ತಪ್ಪಿಸಿಕೊಂಡು ಹೊರಗೆ ಕೇಳಿಸುವುದು. ಸಂಗೀತ ಸ್ಪರ್ಧೆಯಲ್ಲಿ ನನಗೆ ಕಪ್ಪು ಬಂದದ್ದು ಇದೇ ದೋಷಕ್ಕೆ ಅಂತ ಕಾಣುತ್ತದೆ.

ಆ ರಾತ್ರಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡದ್ದನ್ನು ಲಾಡ್ಜಿನಲ್ಲಿ ಹಾಕಿ ಕೇಳಿದೆ, ನನ್ನ ಅಪಸ್ವರ ಎಲ್ಲಿದೆ ಅಂತ. ಹುಡುಕಿದರೂ ಸಿಗಲಿಲ್ಲ.

ಶ್ರುತಿ ತಕರಾರು

ಸಿಗದಿರಲು ಕಾರಣ ನನ್ನ ಜಾಣ್ಮೆಯಲ್ಲ. ಅಷ್ಟೂ ಸಿಕುಗಳು ಒಂದಕ್ಕೊಂದು ಕೂದಲೆಳೆ ತಪ್ಪಿ ನುಡಿಯುತ್ತಿದ್ದವು. ತಾಲೀಮಿನ ಮೊದಲ ದಿನ ಚಟಕ್ಕೆ ಬಿದ್ದು ಫೋನಿನಲ್ಲಿ ಶ್ರುತಿ ಅಳೆಯುವ ಟ್ಯೂನರ್ ಆಪ್ ತೆರೆದಿದ್ದೆ. ಒಂದೇ ಅಳತೆಯ ಎರಡು ಮಾಲ್ತಾಗಳಿಗೆ ಸೂಜಿ ಒಂದೊಂದು ಕಡೆ ತೋರಿಸಿತು. ತಯಾರಿ ಕಳಪೆ ಅಂತ ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಅದೂ ತಪ್ಪು ತೀರ್ಪೇ. ನೆರೆಯ ಬೊಲಿವಿಯಾದ ಪೊತೊಸಿ ಪ್ರಾಂತ್ಯದ ಉತ್ತರ ಭಾಗದ ಹಳ್ಳಿಗಳಲ್ಲಿ ನಾದಕ್ಕೆ ಎರಡು ಹೆಸರಿವೆ, ತಾರಾ ಮತ್ತು ಕೀವಾ. ತಾರಾ ಅಂದರೆ ದಪ್ಪ ದನಿ, ಒಳಗೇ ಎರಡಾಗಿ ಒಡೆದು ಝುಮ್ಮೆಂದು ಕಂಪಿಸುವಂಥದ್ದು. ಕೀವಾ ಅಂದರೆ ಸಣಕಲು, ಒಂಟಿ, ಎಳೆ ಎಳೆ. ಜಿಪುಣನಿಗೂ ಪುಕ್ಕಲನಿಗೂ ಕೀವಾ ಅಂತಲೇ ಅನ್ನುತ್ತಾರೆ. ತಾರ್ಕಾ ಎಂಬ ಚೌಕಾಕಾರದ ಮರದ ಕೊಳಲಿದೆ, ಆರು ತೂತಿನದು; ಅದನ್ನು ಎಷ್ಟು ಬಲವಾಗಿ ಊದುತ್ತಾರೆಂದರೆ ಒಂದು ತೂತಿಗೆ ಕೆಳಗಿನ ಸ್ಥಾಯಿಯೂ ಮೇಲಿನ ಸ್ಥಾಯಿಯೂ ಒಟ್ಟಿಗೆ ಹೊರಡುತ್ತವೆ. ಅದು ತಾರಾ. ನನ್ನ ಆಪ್ ಮೆಚ್ಚಿಕೊಳ್ಳುತ್ತಿದ್ದ ಶುದ್ಧ ಸ್ವರ ಅವರ ಲೆಕ್ಕದಲ್ಲಿ ಜಿಪುಣರದು.

ನಾವೂ ಈ ವಿಷಯದಲ್ಲಿ ಅಷ್ಟೇನೂ ಸಾಚಾ ಅಲ್ಲ ಅಂತ ಆಮೇಲೆ ಹೊಳೆಯಿತು. ತಂಬೂರಿಯನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಶ್ರುತಿ ಮಾಡುತ್ತೇವೆ, ಸರಿ. ಆಮೇಲೆ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದು ನೂಲೆಳೆ ಸಿಕ್ಕಿಸಿ ಝೇಂಕಾರ ಬರಿಸುತ್ತೇವೆ. ಅದಕ್ಕೆ ಜೀವಾಳ ಅಂತ ಹೆಸರು ಬೇರೆ. ದನಿ ಒಂಟಿಯಾಗಿರಬಾರದು ಅನ್ನುವ ಆಸೆ ನಮ್ಮದೂ ಹೌದು, ಆದರೆ ಅದನ್ನೆಲ್ಲ ಒಂದೇ ವಾದ್ಯದೊಳಗೆ ಮುಗಿಸಿಕೊಳ್ಳುತ್ತೇವೆ.

ಮಳೆಗೊಂದು, ಇಬ್ಬನಿಗೊಂದು

ಅದೇ ಉತ್ತರ ಪೊತೊಸಿಯಲ್ಲಿ ವಾದ್ಯಗಳಿಗೆ ಪಂಚಾಂಗವೂ ಇದೆ. ನವೆಂಬರಿನ ಸಕಲ ಸಂತರ ಹಬ್ಬದಿಂದ ಫೆಬ್ರವರಿ-ಮಾರ್ಚಿನ ಕಾರ್ನಿವಲ್‌ವರೆಗೆ ಮಳೆಗಾಲ, ಆಗ ಪಿಂಕಿಯು ಕೊಳಲು. ಊದುವ ಮುಂಚೆ ಅದಕ್ಕೆ ನೀರು ತುಂಬಿ ನೆನೆಸಬೇಕು, ಮರ ಉಬ್ಬಿ ಬಿರುಕುಗಳೆಲ್ಲ ಮುಚ್ಚಿಕೊಳ್ಳಬೇಕು. ಪಿಂಕಿಯುವಿನ ದನಿ ಮಳೆ ಕರೆಯುತ್ತದೆ. ಕಾರ್ನಿವಲ್ ಮುಗಿದ ಕೂಡಲೇ ಎತ್ತಿಟ್ಟುಬಿಡಬೇಕು. ಆಮೇಲಿನ ಒಣ ಚಳಿಗೆ ಸಿಕು, ಚರಾಂಗೊ. ಚರಾಂಗೊ ಅಂದರೆ ಹತ್ತು ತಂತಿಯ ಪುಟ್ಟ ಗಿಟಾರು, ಹಿಂದೆಲ್ಲ ಆರ್ಮಡಿಲ್ಲೊ ಎಂಬ ಪ್ರಾಣಿಯ ಚಿಪ್ಪನ್ನು ಬುರುಡೆ ಮಾಡುತ್ತಿದ್ದರು. ಅದರ ತಂತಿಯ ದನಿಗೆ ಇಬ್ಬನಿ ಹೆಪ್ಪುಗಟ್ಟುತ್ತದೆ ಅಂತ ನಂಬಿಕೆ. ಜೂನಿನಲ್ಲಿ ಅದು ಬೇಕೇ ಬೇಕು, ಆಲೂಗಡ್ಡೆಯನ್ನು ರಾತ್ರಿ ಹಿಮದಲ್ಲಿ ಹರಡಿ, ಹಗಲು ಬಿಸಿಲಿಗೆ ಒಣಗಿಸಿ, ವರ್ಷಗಟ್ಟಲೆ ಕೆಡದ ಚುಞೊ ಮಾಡಿಕೊಳ್ಳಬೇಕಲ್ಲ. ಬೆಳೆ ಹಸುರಿರುವಾಗ ಯಾರಾದರೂ ಚರಾಂಗೊ ಮೀಟಿದರೆ ಊರವರು ಕಣ್ಣು ಕೆಂಪಗೆ ಮಾಡುವುದು ಸಹಜ. ಇನ್ನು ಪೆರುವಿನ ಕುಸ್ಕೊ ಕಡೆಯ ಕಾನಾಸ್‌ನಲ್ಲಿ ಹೊಸ ಚರಾಂಗೊವನ್ನು ಕಾಣಿಕೆಯ ಜೊತೆ ರಾತ್ರಿ ಒರತೆಯ ಬಳಿ ಇಟ್ಟು ಬರುವ ರೂಢಿ, ನೀರಿನ ಮೋಹಿನಿ ಬಂದು ಶ್ರುತಿ ಮಾಡಿಕೊಡುತ್ತಾಳಂತೆ. ಹುಡುಗಿಯರನ್ನು ಒಲಿಸಿಕೊಳ್ಳಲು ಹೊರಟ ಹುಡುಗರಿಗೆ ಇಂಥ ಶ್ರುತಿಯೇ ಬೇಕು.

(ಪುನೊದಂಥ ಪೇಟೆಯಲ್ಲಿ ಈ ಪಂಚಾಂಗ ನಡೆಯುವುದಿಲ್ಲ. ಫೆಬ್ರವರಿಯ ಮಳೆಯಲ್ಲಿ ನಾವು ಊದಿದ್ದೇ ಸಿಕು.)

ಹೀಗಾಗಿ ಸಿಕು, ಚರಾಂಗೊ, ಕೇನಾ ಕೊಳಲು, ಗಿಟಾರು, ನಗಾರಿ ಎಲ್ಲ ಸೇರಿದ ತಂಡ ಅನ್ನುವುದು ಹಳ್ಳಿಯದಲ್ಲ. ಆ ಮಾದರಿಯನ್ನು ಲೋಕಕ್ಕೆ ತೋರಿಸಿದವರಲ್ಲಿ ಮುಖ್ಯರು ಬೊಲಿವಿಯಾದ ಲಾ ಪಾಸ್‌ನ 'ಲೋಸ್ ಖೈರಾಸ್'. 1966ರ ಹೊತ್ತಿಗೆ 'ಪೆಞಾ ನೈರಾ' ಎಂಬ ಹೋಟೆಲಿನಂಥ ಜಾಗದಲ್ಲಿ ಕೂಡಿದವರು. ಚರಾಂಗೊ ಎರ್ನೆಸ್ತೊ ಕಾವೂರ್ ಅವರದು. ಕೇನಾ ಊದುತ್ತಿದ್ದ ಜಿಲ್ಬೆರ್ ಫಾವ್ರ್ ಸ್ವಿಟ್ಜರ್ಲೆಂಡಿನವನು! ಕಲೋನಿನ ಪೋಂಚೊ ಮನುಷ್ಯನ ಸ್ಪೀಕರಿನೊಳಗಿದ್ದದ್ದು ಈ ಪೇಟೆ ತಂಡದ ಮೊಮ್ಮಗ. ಆ ರಣಹದ್ದಿನ ಹಾಡೂ ಅಷ್ಟೇ, ದಾನಿಯೆಲ್ ಅಲೊಮಿಯಾ ರೋಬ್ಲೆಸ್ 1913ರಲ್ಲಿ ಲಿಮಾದ ಒಂದು ಸಂಗೀತ ನಾಟಕಕ್ಕೆ ಬರೆದದ್ದು, ಗಣಿ ಕಾರ್ಮಿಕರ ಕಥೆಗೆ. ಇದನ್ನು ಯಾರನ್ನೂ ಬಯಲಿಗೆಳೆಯಲು ಹೇಳುತ್ತಿಲ್ಲ. ಪೇಟೆಗೆ ಬಂದವರು ಪೇಟೆಯ ಹಾಡು ಕಟ್ಟಿಕೊಳ್ಳುತ್ತಾರೆ. ಬೆಟ್ಟದಿಂದ ಲಿಮಾಕ್ಕೆ ವಲಸೆ ಬಂದ ಕೆಚುವಾ ಜನ 1950–60ರ ದಶಕಗಳಲ್ಲಿ ಭಾನುವಾರದ ಡೇರೆಗಳಲ್ಲಿ ಕೂತು ವೈನೊ ಎಂಬ ಬೆಟ್ಟದ ಹಾಡು ಕೇಳಿ ಅಳುತ್ತಿದ್ದರು. ಆಗ ತಾರೆಯರೂ ಹುಟ್ಟಿದರು. ಅವರ ಹೆಸರು ನೋಡಿ: ಪಾಸ್ತೊರೀತಾ ವರಾಸೀನಾ ಅಂದರೆ ವರಾಸ್ ಊರಿನ ಪುಟ್ಟ ಕುರಿಗಾಹಿ, ಫ್ಲೋರ್ ಪುಕರೀನಾ ಅಂದರೆ ಪುಕರಾದ ಹೂವು. ಹಾನಗಲ್ಲು, ಮನಸೂರುಗಳನ್ನು ಹೆಸರಿನಲ್ಲೇ ಹೊತ್ತು ತಿರುಗಿದವರ ಊರಿನಿಂದ ಬಂದ ನನಗೆ ಇದು ಥಟ್ಟನೆ ಅರ್ಥವಾಯಿತು.

ಕೋಟೆಯೊಳಗೆ ಸಿಕ್ಕಿಬಿದ್ದವರು

ಪುನೊದಿಂದ ಬಂದವನು ಮೊದಲು ಮಾಡಿದ ಕೆಲಸ, ಮೊಳೆಯಿಂದ ವಾದ್ಯ ಇಳಿಸಿ ಎರಡು ಸಾಲನ್ನು ಬಿಗಿದಿದ್ದ ದಾರ ಬಿಚ್ಚಿದ್ದು. ಏಳರದು ನಾನಿಟ್ಟುಕೊಂಡೆ, ಆರರದು ಮಗಳಿಗೆ. ಅವಳು ಆಗ ಹತ್ತನೇ ಕ್ಲಾಸು. ಮೊದಮೊದಲು ನಗು ತಡೆಯಲಾರದೆ ಊದುವುದೇ ಆಗುತ್ತಿರಲಿಲ್ಲ. ಆಮೇಲೆ ಅವಳಿಗೆ ಹುಚ್ಚು ಹಿಡಿಯಿತು. 'ಲಂಬೋದರ ಲಕುಮಿಕರ' ಮುಗಿಸಿ ಸಿನಿಮಾ ಹಾಡಿಗೆ ಇಳಿದೆವು. ಮುಂದೆ ನಡೆಯುವವಳು ಅವಳು, ಹಿಂಬಾಲಿಸುವವನು ನಾನು. ಮನೆಯಲ್ಲಿ ಇದರ ಬಗ್ಗೆ ಬೇಕಾದಷ್ಟು ತಮಾಷೆಯಾಯಿತು.

2020ರ ಲಾಕ್‌ಡೌನಿನಲ್ಲಿ ಒಂದು ಸುದ್ದಿ ಓದಿ ಅವಳನ್ನು ಕೂಗಿ ಕರೆದಿದ್ದೆ. ಲಾ ಪಾಸ್‌ನಲ್ಲಿ ಸೆರ್ಜಿಯೊ ಪ್ರುದೆನ್ಸಿಯೊ 1980ರಲ್ಲಿ ಶುರುಮಾಡಿದ ಒಂದು ವಾದ್ಯವೃಂದವಿದೆ. ಸಿಕು, ತಾರ್ಕಾಗಳಂಥ ನೆಲದ ವಾದ್ಯಗಳನ್ನೇ ಇಟ್ಟುಕೊಂಡು ಹೊಸ ಸಂಗೀತ ನುಡಿಸುವವರು. ಅವರು ಮಾರ್ಚಿನಲ್ಲಿ ಕಛೇರಿಗೆಂದು ಜರ್ಮನಿಗೆ ಬಂದಿಳಿದರು, ಕಛೇರಿ ರದ್ದಾದವು, ಬೊಲಿವಿಯಾ ಗಡಿ ಮುಚ್ಚಿತು. ಬರ್ಲಿನಿನ ಆಚೆ ರೈನ್ಸ್‌ಬರ್ಗ್ ಎಂಬಲ್ಲಿ ಹಳೆಯ ಅರಮನೆಯ ಆವರಣದಲ್ಲಿ, ಸುತ್ತ ಕಾಡು, ಎರಡು ತಿಂಗಳಿಗೂ ಹೆಚ್ಚು ಕಾಲ ಸಿಕ್ಕಿಬಿದ್ದರು. ಪತ್ರಿಕೆಯವರು ಅಯ್ಯೋ ಪಾಪ ಅಂತ ಬರೆದರು. ನನಗೆ ಮಾತ್ರ ಅಸೂಯೆಯಾಯಿತು. ಆ ಹೊತ್ತಿನಲ್ಲಿ ಲೋಕದ ಸಂಗೀತಗಾರರೆಲ್ಲ ಒಂಟಿ ಕೋಣೆಯಲ್ಲಿ ಕೂತು ಕ್ಯಾಮೆರಾಕ್ಕೆ ಹಾಡುತ್ತಿದ್ದರು. ಒಂಟಿಯಾಗಿ ಒಂದು ಸಾಲೂ ನುಡಿಸಲಾಗದ ಇವರು ಇರಾ ಅರ್ಕಾ ಸಮೇತ ಒಂದೇ ಕಾಂಪೌಂಡಿನಲ್ಲಿದ್ದರು, ದಿನಾ ತಾಲೀಮು.

ಮಗಳು ಈಗ ಮಣಿಪಾಲದ ಹಾಸ್ಟೆಲಿನಲ್ಲಿದ್ದಾಳೆ. ಹೋಗುವಾಗ ತನ್ನ ಅರ್ಧವನ್ನು ಬಟ್ಟೆಯ ನಡುವೆ ಇಟ್ಟುಕೊಂಡು ಹೋದಳು, ನಾನು ಹೇಳಿರಲಿಲ್ಲ. ಕಳೆದ ತಿಂಗಳು ಒಂದು ರಾತ್ರಿ ವಿಡಿಯೋ ಕಾಲ್ ಮಾಡಿ ಊದೋಣವೇ ಅಂದಳು. ಹಾಳು ನೆಟ್‌ವರ್ಕ್, ಅವಳ ಸ್ವರ ನನಗೆ ಅರೆಕ್ಷಣ ತಡವಾಗಿ ಮುಟ್ಟುತ್ತದೆ, ನನ್ನದು ಅವಳಿಗೆ ಇನ್ನೂ ತಡ. ನಾನು ನಿಧಾನ ಮಾಡಿದರೆ ಅವಳೂ ನಿಧಾನ ಮಾಡುತ್ತಾಳೆ. ಲಂಬೋದರ ಪೂರ್ತಿ ನಿಂತೇಹೋದ. ಪರದೆಯಲ್ಲಿ ಅವಳ ಗದ್ದ ಮುಂದೆ ಬರುವುದು ಕಾಣುತ್ತಿತ್ತು, ದನಿ ಇನ್ನೂ ಬಂದಿರಲಿಲ್ಲ. "ಅಪ್ಪಾ, ನೀನು ಕಾಯಬೇಡ, ಸುಮ್ನೆ ಊದ್ತಾ ಹೋಗು" ಅಂದಳು. ಊದುತ್ತಾ ಹೋದೆ. ಅಷ್ಟರಲ್ಲಿ ಪಕ್ಕದ ಮಂಚದ ಹುಡುಗಿಗೆ ಮರುದಿನ ಪರೀಕ್ಷೆಯಂತೆ, ಫೋನ್ ಇಟ್ಟಳು.